ಪಿಎಸ್‌5 ಕೊಂಡು ಒಂದೂವರೆ ವರ್ಷ: ಹುಚ್ಚು ಇಳಿಯಿತಾ?

ಬಿಲ್ ಹಾಕುತ್ತಾ ಅಂಗಡಿಯ ಹುಡುಗ "ಮಗನಿಗಾ ಮೇಡಂ?" ಅಂದ. ಅಲ್ಲಪ್ಪ, ನನಗೇ ಅಂದೆ. ಅವನು ನನ್ನ ಮುಖ ನೋಡಿದ, ಪಕ್ಕದಲ್ಲಿದ್ದ ನಮ್ಮನೆಯವರ ಮುಖ ನೋಡಿದ, ಆಮೇಲೆ ಮಾತಾಡದೆ ಬಿಲ್ ಮುಗಿಸಿದ. ಹೀಗೆ 39ನೇ ವಯಸ್ಸಿನಲ್ಲಿ, ನನ್ನ ಸಂಬಳದ ದುಡ್ಡಿನಲ್ಲಿ, ಪ್ಲೇಸ್ಟೇಷನ್ 5 (ಪಿಎಸ್‌5), ಅಂದರೆ ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಸೋನಿಯವರ ಕನ್ಸೋಲ್, ಮನೆಗೆ ಬಂತು. ಸ್ಲಿಮ್ ಮಾಡೆಲ್, ಡಿಸ್ಕ್ ಹಾಕುವಂಥದ್ದು.

ಈಗ ಒಂದೂವರೆ ವರ್ಷ ಆಯಿತು. ಗೊತ್ತಿರುವವರು ಸಿಕ್ಕಾಗ ಅದು ಚೆನ್ನಾಗಿದೆಯಾ ಅಂತ ಯಾರೂ ಕೇಳಲ್ಲ. "ಇನ್ನೂ ಆಡ್ತೀಯಾ?" ಅಂತ ಕೇಳುತ್ತಾರೆ. ಅವರ ಪ್ರಶ್ನೆಯೇ ಸರಿ ಅನ್ಸುತ್ತೆ. ಐವತ್ತು ಸಾವಿರದ ಮೇಲೆ ಸುರಿದು ತಂದದ್ದು ಟಿವಿ ಕೆಳಗೆ ಧೂಳು ಹಿಡಿದು ಕೂತರೆ ಅದರ ಗ್ರಾಫಿಕ್ಸ್ ಕಟ್ಟಿಕೊಂಡು ಏನು ಮಾಡೋದು? ನಮ್ಮಮ್ಮ ಮೊದಲ ವಾರವೇ ಹೇಳಿದ್ದರು, "ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ನೋಡೋಣ" ಅಂತ. ಒಪ್ಪಿಕೊಳ್ಳಲು ಬೇಜಾರು, ಆದರೆ ನಾಲ್ಕೈದು ತಿಂಗಳ ಮಟ್ಟಿಗೆ ಅಮ್ಮನ ಮಾತೇ ನಿಜವಾಯಿತು.

ಮೊದಲು ಡಬ್ಬಿಯ ವಿಷಯ ಬೇಗ ಮುಗಿಸುತ್ತೇನೆ. ಈ ಸ್ಲಿಮ್ ಮಾಡೆಲ್ ಇಲ್ಲಿಗೆ ಬಂದದ್ದು ಏಪ್ರಿಲ್ 2024ರಲ್ಲಿ. ಆಗ ಡಿಸ್ಕ್ ಇರುವುದಕ್ಕೆ 54,990, ಡಿಸ್ಕ್ ಇಲ್ಲದ ಡಿಜಿಟಲ್‌ಗೆ 44,990. ನನಗೆ ಹಬ್ಬದ ಆಫರ್‌ನಲ್ಲಿ ಸ್ವಲ್ಪ ಕಡಿಮೆಗೆ ಸಿಕ್ಕಿತು. ಸ್ಲಿಮ್ ಅಂತ ಹೆಸರು, ಆದರೂ ಮೂರು ಕೆಜಿ ಮೇಲೆ ತೂಗುತ್ತದೆ. ಅಡ್ಡ ಮಲಗಿಸಲು ಎರಡು ಚೂರು ಪ್ಲಾಸ್ಟಿಕ್ ಕಾಲು ಕೊಡುತ್ತಾರೆ, ನೆಟ್ಟಗೆ ನಿಲ್ಲಿಸಬೇಕು ಅಂದರೆ ಸ್ಟ್ಯಾಂಡ್ ಬೇರೆ ಕೊಳ್ಳಬೇಕು. ಇಷ್ಟು ದುಡ್ಡು ಇಸ್ಕೊಂಡು ಒಂದು ಸ್ಟ್ಯಾಂಡ್ ಕೊಡಲ್ಲ. ಸದ್ದು ಮಾಡಲ್ಲ, ಅಷ್ಟೇನೂ ಬಿಸಿಯಾಗಲ್ಲ.

ಮನಸ್ಸು ಕದ್ದದ್ದು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್. ಜೊತೆಗೆ ಉಚಿತವಾಗಿ ಬರುವ ಆಸ್ಟ್ರೋಸ್ ಪ್ಲೇರೂಮ್ ಅನ್ನುವ ಪುಟ್ಟ ಆಟದಲ್ಲಿ ಒಂದು ಬಿಳಿ ರೋಬೋ ಓಡಾಡುತ್ತದೆ. ಅದು ಮರಳಿನ ಮೇಲೆ ನಡೆದರೆ ಅಂಗೈಯಲ್ಲಿ ಚರಚರ ಅನ್ನುತ್ತದೆ, ಮಳೆ ಬಂದರೆ ತಗಡಿನ ಮೇಲೆ ಹನಿ ಬಿದ್ದ ಹಾಗೆ ಬೆರಳ ತುದಿಗೆ ಟಪಟಪ ತಾಗುತ್ತದೆ. ಬಿಲ್ಲು ಎಳೆಯುವಾಗ ಹಿಂದಿನ ಟ್ರಿಗರ್ ನಿಜವಾಗಿಯೂ ಬಿಗಿಯಾಗುತ್ತದೆ. ನಾನು ಮೊದಲ ದಿನ ರಾತ್ರಿ ಒಂದೂವರೆವರೆಗೆ ಆ ರೋಬೋನ ಮಳೆಯಲ್ಲಿ ನಡೆಸಿಕೊಂಡೇ ಕೂತಿದ್ದೆ. ನಮ್ಮನೆಯವರು ಎದ್ದು ಬಂದು ನೋಡಿ, ಏನೂ ಹೇಳದೆ ಹೋಗಿ ಮಲಗಿದರು.

ಈ ಹುಚ್ಚು ಶುರುವಾದದ್ದು ದಾವಣಗೆರೆಯಲ್ಲಿ, 1996ರ ಬೇಸಿಗೆ ರಜೆಯಲ್ಲಿ. ಅಪ್ಪ ಅಣ್ಣನಿಗೆ ಟಿವಿ ಗೇಮ್ ತಂದುಕೊಟ್ಟಿದ್ದರು. ಅಣ್ಣನಿಗೆ, ನನಗಲ್ಲ. ನನ್ನ ಪಾಲಿಗೆ ಎರಡನೇ ಜಾಯ್‌ಸ್ಟಿಕ್. ಆಗ ನಮ್ಮೂರ ಕಡೆ ಸಿಗುತ್ತಿದ್ದವು ಬಹುಪಾಲು ಜಪಾನಿನ ನಿಂಟೆಂಡೋ ಕಂಪನಿಯವರ 1983ರ ಯಂತ್ರದ ನಕಲುಗಳು ಅಂತ ಈಗ ಗೊತ್ತು, ಆಗ ಅದು ಬರೀ 'ಟಿವಿ ಗೇಮ್'. ಕ್ಯಾಸೆಟ್ ಕೊಳ್ಳುವಷ್ಟು ದುಡ್ಡು ಎಲ್ಲಿ? ಗಡಿಯಾರ ರಿಪೇರಿ ಅಂಗಡಿಯೊಬ್ಬರು ದಿನಕ್ಕೆ ಐದು ರೂಪಾಯಿಗೆ ಬಾಡಿಗೆ ಕೊಡುತ್ತಿದ್ದರು. ಶನಿವಾರ ಸಂಜೆ ತಂದರೆ ಭಾನುವಾರ ಸಂಜೆ ವಾಪಸ್. ಆ ಇಪ್ಪತ್ನಾಲ್ಕು ಗಂಟೆಯಲ್ಲಿ ಊಟ, ಸ್ನಾನ, ಕರೆಂಟ್ ಹೋಗೋದು, ಅಪ್ಪನ ವಾರ್ತೆ, ಎಲ್ಲ ಕಳೆದು ಎಷ್ಟು ಉಳಿಯುತ್ತೋ ಅಷ್ಟು ನಮ್ಮದು. ಅಡಾಪ್ಟರ್ ಮುಟ್ಟಿದರೆ ಸುಡುತ್ತಿತ್ತು. ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡೋಣ ಅಂತ ನಾನು ಹೊರಟಿದ್ದೆ, ಅಣ್ಣ ಬೆನ್ನಿಗೆ ಒಂದು ಕೊಟ್ಟ. ಇವತ್ತು ಯೋಚಿಸಿದರೆ ಸರಿಯಾಗಿಯೇ ಕೊಟ್ಟ.

ಆಮೇಲೆ ಪಿಎಸ್‌2 ಪಾರ್ಲರ್‌ಗಳು ಬಂದವು. ಗಂಟೆ ಲೆಕ್ಕ. ಹುಡುಗಿಯರು ಬರಬಾರದು ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ, ಆದರೆ ಒಬ್ಬಳೂ ಹೋಗುತ್ತಿರಲಿಲ್ಲ. ಹಾಗಾಗಿ ನನ್ನ ಆಟದ ಬದುಕಿನಲ್ಲಿ ಇಪ್ಪತ್ತು ವರ್ಷದ ಬಿಡುವು.

ಪಿಎಸ್‌5ಗೆ ವಾಪಸ್ ಬರೋಣ. ಕೊಂಡ ಮೊದಲ ತಿಂಗಳೇ ನಾನು ಜಾಣತನ ಅಂದುಕೊಂಡು ಪಿಎಸ್ ಪ್ಲಸ್ ಎಕ್ಸ್‌ಟ್ರಾಗೆ ಒಂದು ವರ್ಷದ ಚಂದಾ ಕಟ್ಟಿದೆ. ನೂರಾರು ಆಟ, ಯಾವುದು ಬೇಕಾದರೂ ಇಳಿಸಿಕೊಂಡು ಆಡಬಹುದು. ನನ್ನ ಹುಮ್ಮಸ್ಸಿಗೆ ನೀರು ಹೊಯ್ದದ್ದು ಇದೇ. ರಾತ್ರಿ ಹತ್ತಕ್ಕೆ ಅಡುಗೆಮನೆ ಒರೆಸಿ ಬಂದು ಕೂರುತ್ತೇನೆ. ಕೈಯಲ್ಲಿ ಒಂದು ಗಂಟೆ. ಇದು ಆಡಲಾ, ಅದು ಆಡಲಾ, ಟ್ರೇಲರ್ ನೋಡು, ಇದು 80 ಜಿಬಿ, ಜಾಗ ಇಲ್ಲ, ಹಳೆಯದು ಅಳಿಸು, ಇಳಿಯಲು ಬಿಡು. ಹನ್ನೊಂದು ಗಂಟೆ. ಮಲಗು. ಕನ್ಸೋಲ್‌ನಲ್ಲಿ ನಮ್ಮ ಪ್ರೊಫೈಲ್ ತೆರೆದರೆ ಯಾವ ಆಟ ಎಷ್ಟು ಗಂಟೆ ಆಡಿದ್ದೇವೆ ಅಂತ ತೋರಿಸುತ್ತದೆ. ಐದನೇ ತಿಂಗಳಿಗೆ ನೋಡಿದರೆ ಎರಡು ಗಂಟೆಯೂ ದಾಟದ ಆಟಗಳು 17. ಮುಗಿಸಿದ್ದು ಒಂದು, ಅದೂ ಆ ಉಚಿತ ರೋಬೋ. ವಯಸ್ಸಾಯಿತು, ಇನ್ನು ಇದೆಲ್ಲ ನನಗಲ್ಲ, ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿದ್ದೆ. ಫೋಟೋದಲ್ಲಿ ಧೂಳು ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ, ಮೊದಲು ಒರೆಸಿ ಆಮೇಲೆ ತೆಗೆಯೋಣ ಅಂತ ಮುಂದಕ್ಕೆ ಹಾಕಿದೆ.

ಅಷ್ಟರಲ್ಲಿ ಹಳೆ ಡಿಸ್ಕ್ ಕೊಳ್ಳುವ, ಮಾರುವ ಒಂದು ಚಿಕ್ಕ ಅಂಗಡಿ ಸಿಕ್ಕಿತು. ನಮ್ಮ ರಾಜಾಜಿನಗರದ ಕಡೆಯೇ, ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ. ಲೆಕ್ಕ ಬಹಳ ಸುಲಭ. ಒಂದು ಡಿಸ್ಕ್ 2,200ಕ್ಕೆ ತಗೊಂಡರೆ, 15 ದಿನದೊಳಗೆ ವಾಪಸ್ ಕೊಟ್ಟರೆ 400 ಹಿಡಿದು ಉಳಿದದ್ದು ಕೊಡುತ್ತಾನೆ. ತಿಂಗಳಾದರೆ 700 ಹಿಡಿಯುತ್ತಾನೆ. ಅದಕ್ಕಿಂತ ತಡವಾದರೆ "ನೋಡೋಣ ಅಕ್ಕ" ಅನ್ನುತ್ತಾನೆ, ಅಂದರೆ ಏನೂ ಸಿಗಲ್ಲ ಅಂತ ಅರ್ಥ.

ಮೊದಲು ಘೋಸ್ಟ್ ಆಫ್ ಸುಶಿಮಾ ಅನ್ನುವ ಸಮುರಾಯಿ ಆಟ ತಂದೆ. ಹದಿಮೂರು ದಿನಕ್ಕೆ ಕಥೆ ಮುಗಿಸಿದೆ. ಐದು ತಿಂಗಳಲ್ಲಿ ಆಗದ್ದು ಹದಿಮೂರು ದಿನದಲ್ಲಿ! ಆಫೀಸಿನಿಂದ ಕ್ಯಾಬ್‌ನಲ್ಲಿ ಬರುತ್ತಾ ಇವತ್ತು ಯಾವ ಕೋಟೆ ಅಂತ ಯೋಚಿಸುತ್ತಿದ್ದೆ. ಶನಿವಾರ ಬೆಳಿಗ್ಗೆ ಐದೂವರೆಗೆ ಅಲಾರಂ ಇಲ್ಲದೆ ಎಚ್ಚರ. ವಯಸ್ಸು ಒಂದು ದಿನವೂ ಕಡಿಮೆ ಆಗಿರಲಿಲ್ಲ, ಕೆಲಸವೂ ಅಷ್ಟೇ ಇತ್ತು, ಕನ್ಸೋಲ್ ಕೂಡ ಅದೇ. ಬದಲಾದದ್ದು ವಾಪಸ್ ಕೊಡುವ ತಾರೀಖು ಒಂದೇ. ಹಬ್ಬದ ಹೋಳಿಗೆ ದಿನಾ ಮಾಡಿದರೆ ಮೂರನೇ ದಿನಕ್ಕೆ ಯಾರೂ ಮುಟ್ಟಲ್ಲ ಅಲ್ವಾ, ನನ್ನ ಚಂದಾ ಕಥೆ ಅದೇ ಆಗಿತ್ತು. ನನಗೆ ಆಟ ಸಾಕಾಗಿರಲಿಲ್ಲ, ಆಟ ಆರಿಸುವುದು ಸಾಕಾಗಿತ್ತು.

ಒಂದು ವಿಷಯ ಹೊಸಬರಿಗೆ ಹೇಳಬೇಕು. ಡಿಸ್ಕ್ ಹಾಕಿದ ತಕ್ಷಣ ಆಡಬಹುದು ಅಂದುಕೊಳ್ಳಬೇಡಿ. ಆಟ ಪೂರ್ತಿ ಒಳಗಿನ 1 ಟಿಬಿ ಸ್ಟೋರೇಜ್‌ಗೆ ಕಾಪಿ ಆಗುತ್ತದೆ, ಅದಕ್ಕೆ ಒಂದರ್ಧ ಗಂಟೆ, ಅದರ ಮೇಲೆ ಅಪ್‌ಡೇಟ್. ಕಾಪಿ ಆದಮೇಲೂ ಡಿಸ್ಕ್ ಒಳಗೇ ಇರಬೇಕು, ಬೀಗಕ್ಕೆ ಕೀಲಿ ಇದ್ದ ಹಾಗೆ. ಹಾಗಾಗಿ ಹಿಂದಿನ ದಿನ ಸಂಜೆಯೇ ಹಾಕಿಟ್ಟುಬಿಡಿ, ದೋಸೆಗೆ ಅಕ್ಕಿ ನೆನೆಹಾಕಿದಂತೆ. ಆಮೇಲೆ ರೆಸ್ಟ್ ಮೋಡ್. ಇದನ್ನು ಮಾತ್ರ ಹೊಗಳಲೇಬೇಕು. ಆಟದ ನಡುವೆ ಮಲಗಿಸಿ ಎದ್ದು ಹೋದರೆ, ಮರುದಿನ ಬಟನ್ ಒತ್ತಿದ ಕೆಲವು ಸೆಕೆಂಡಿಗೆ ಬಿಟ್ಟ ಜಾಗದಲ್ಲೇ ನಿಂತಿರುತ್ತೇವೆ. ಇಪ್ಪತ್ತು ನಿಮಿಷ ಮಾತ್ರ ಬಿಡುವು ಸಿಗುವ ನನ್ನಂಥವರಿಗೆ ಗ್ರಾಫಿಕ್ಸ್‌ಗಿಂತ ಇದು ಮುಖ್ಯ.

ಎಲ್ಡನ್ ರಿಂಗ್ ಮಾತ್ರ ಲೆಕ್ಕ ತಪ್ಪಿಸಿತು. 2022ರ ಆಟ, ಜಪಾನಿನ ಫ್ರಮ್‌ಸಾಫ್ಟ್‌ವೇರ್‌ನವರದು, ಸುಲಭದ ಮೋಡ್ ಅನ್ನುವುದೇ ಇಲ್ಲ. ನಡುವೆ ನಿಲ್ಲಿಸಿಡುವ ಪಾಜ್ ಬಟನ್ ಕೂಡ ಇಲ್ಲ! ಹಾಲು ಉಕ್ಕಲಿ, ಬೆಲ್ ಹೊಡೆಯಲಿ, ಆಟ ನಿಲ್ಲಲ್ಲ. ಮಾರ್ಗಿಟ್ ಅಂತ ಒಬ್ಬ ಕೋಲು ಹಿಡಿದ ರಾಕ್ಷಸ ಶುರುವಿನಲ್ಲೇ ಸಿಗುತ್ತಾನೆ. ಅವನು ಕೋಲು ಎತ್ತುತ್ತಾನೆ, ಹೊಡೆಯಲ್ಲ. ನೀವು ಹೆದರಿ ಪಕ್ಕಕ್ಕೆ ಉರುಳಿ ಎದ್ದಮೇಲೆ ಹೊಡೆಯುತ್ತಾನೆ. ನಮ್ಮ ಸ್ಕೂಲ್ ಪಿಟಿ ಮೇಷ್ಟರ ಹಾಗೆ. ಮೂವತ್ತು ಸಲದ ಮೇಲೆ ಸತ್ತಿದ್ದೇನೆ, ಆಮೇಲೆ ಎಣಿಸುವುದು ಬಿಟ್ಟೆ.

ಆಗ ನಿಜವಾಗಿ ವಯಸ್ಸು ನೆನಪಾಯಿತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ಸ್ಟಾರ್‌ಕ್ರಾಫ್ಟ್ 2 ಅನ್ನುವ ಕಂಪ್ಯೂಟರ್ ಆಟ ಆಡುವ 3,305 ಜನರ ಆಟದ ದಾಖಲೆ ತೆಗೆದು ನೋಡಿದ್ದರು, 16ರಿಂದ 44 ವಯಸ್ಸಿನವರದು. 2014ರಲ್ಲಿ ಪ್ರಕಟವಾಯಿತು. ನೋಡಿ ಪ್ರತಿಕ್ರಿಯಿಸುವ ವೇಗ 24ಕ್ಕೇ ಇಳಿಯಲು ಶುರುವಾಗುತ್ತದಂತೆ. ನಾನು ಆ ಗಡಿ ದಾಟಿ ಹದಿನೈದು ವರ್ಷ ಆಗಿಹೋಗಿದೆ! ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇತ್ತು: ದೊಡ್ಡವರು ಕೈ ನಿಧಾನವಾದದ್ದನ್ನು ಶಾರ್ಟ್‌ಕಟ್‌ಗಳಿಂದ, ಸರಳವಾದ ತಂತ್ರಗಳಿಂದ ಸರಿದೂಗಿಸಿಕೊಳ್ಳುತ್ತಾರೆ ಅಂತ. ನಾನು ಮಾಡಿದ್ದೂ ಅಷ್ಟೇ. ಮಾರ್ಗಿಟ್‌ನ ಬಿಟ್ಟು ದಕ್ಷಿಣಕ್ಕೆ ಹೋಗಿ, ಸಣ್ಣಪುಟ್ಟವರನ್ನು ಹೊಡೆದು ಬಲ ಹೆಚ್ಚಿಸಿಕೊಂಡು, ಹತ್ತು ದಿನ ಬಿಟ್ಟು ಬಂದು ದೂರದಿಂದ ಮಂತ್ರ ಎಸೆದು ಮುಗಿಸಿದೆ. ಗಂಡುಗಲಿತನ ಅಲ್ಲ, ಕಿರಾಣಿ ಅಂಗಡಿ ಲೆಕ್ಕ. ಆ ಡಿಸ್ಕ್ ಎರಡು ತಿಂಗಳು ಇಟ್ಟುಕೊಂಡೆ, ಅಂಗಡಿಯವನು "ನೋಡೋಣ ಅಕ್ಕ" ಅಂದ, ಹಾಗಾಗಿ ಈಗ ಅದು ನನ್ನದೇ.

ಯುಗಾದಿಗೆ ಅಣ್ಣ ಬಂದಿದ್ದ. ನಮ್ಮ ಕೇರಿಯಲ್ಲಿ ಅವನಷ್ಟು ಹುಚ್ಚ ಇನ್ನೊಬ್ಬ ಇರಲಿಲ್ಲ. ಈಗ ಫೋನಿನಲ್ಲಿ ರಮ್ಮಿ ಕೂಡ ಆಡಲ್ಲ. "ಯಾರೇ ಇದನ್ನೆಲ್ಲ ಆಡ್ತಾರೆ ಈಗ" ಅಂದ. ನಾನು ಅವನಿಗೆಂದೇ ಕಾಂಟ್ರಾದ, ಅಂದರೆ ಆಗ ಇಬ್ಬರೂ ಆಡುತ್ತಿದ್ದ ಗುಂಡು ಹಾರಿಸುವ ಆಟದ, ಹಳೆ ಆಟಗಳ ಕಲೆಕ್ಷನ್ ಕೊಂಡಿಟ್ಟಿದ್ದೆ. ಕಂಟ್ರೋಲರ್ ಕೈಗೆ ಕೊಟ್ಟ ತಕ್ಷಣ, ಮಾತಾಡುತ್ತಲೇ, ನೋಡದೆಯೇ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ, ಬಿ ಎ, ಆ ಹಳೆ ಗುಟ್ಟಿನ ಸಂಕೇತ ಒತ್ತಿಬಿಟ್ಟ. ಮೂವತ್ತು ಜೀವ ಬಂತು. ಇಬ್ಬರೂ ಕಿರುಚಿದೆವು. ಮೂರನೇ ಹಂತದ ಜಲಪಾತದಲ್ಲಿ ಅವನು ಎಂದಿನಂತೆ ನನ್ನ ಬಿಟ್ಟು ಮೇಲಕ್ಕೆ ಹಾರಿದ, ಪರದೆ ಅವನ ಜೊತೆ ಮೇಲೆ ಹೋಯಿತು, ಕೆಳಗೆ ಉಳಿದ ನಾನು ಸತ್ತೆ. 1996ರಲ್ಲೂ ಹೀಗೇ ಸಾಯಿಸುತ್ತಿದ್ದ. ಇಪ್ಪತ್ತು ನಿಮಿಷ ಮಜಾ ಮಾಡಿದೆವು. ಆಮೇಲೆ ಅಣ್ಣ ಕಂಟ್ರೋಲರ್ ಕೆಳಗಿಟ್ಟು, "ಹೂಂ, ಒಬ್ಬಟ್ಟು ಇದೆಯಾ ಇನ್ನೂ?" ಅಂದ. ಆಮೇಲೆ ಅದನ್ನು ಮುಟ್ಟಲೇ ಇಲ್ಲ.

ಹಾಗಾಗಿ ಬರೀ ಹಳೆ ನೆನಪಿಗೆ ಅಂತ ಪಿಎಸ್‌5 ಕೊಳ್ಳಬೇಡಿ. ನೆನಪು ಇಪ್ಪತ್ತು ನಿಮಿಷಕ್ಕೆ ಖಾಲಿ. ಕೆಲವರ ಹುಚ್ಚು ನಿಜವಾಗಿ ಇಳಿದುಹೋಗುತ್ತದೆ. ಅಣ್ಣನದು ಇಳಿದಿದೆ. ಅವನಿಗೆ ಅದರ ಬೇಸರವೂ ಇಲ್ಲ, ಈಗ ಅವನು ತೋಟ ಅಂತ ಓಡಾಡುತ್ತಾನೆ. ನನ್ನದು ಯಾಕೆ ಇಳಿಯಲಿಲ್ಲ ಅಂದರೆ, ಒಂದು ಕಾರಣ ನನಗೆ ಯಾವತ್ತೂ ಮೊದಲ ಜಾಯ್‌ಸ್ಟಿಕ್ ಸಿಗದೇ ಇದ್ದದ್ದು ಇರಬಹುದು.

ಬೈಗುಳದ ಪಾಲು ಈಗ. ಆ ಚಂದದ ಕಂಟ್ರೋಲರ್‌ಗೆ ಹದಿನಾಲ್ಕನೇ ತಿಂಗಳಲ್ಲಿ ಡ್ರಿಫ್ಟ್ ಬಂತು. ಮುಟ್ಟದಿದ್ದರೂ ಪಾತ್ರ ತನ್ನಷ್ಟಕ್ಕೆ ಎಡಕ್ಕೆ ನಡೆಯುತ್ತದೆ. ಹೆಬ್ಬೆರಳಿನಿಂದ ವಾಲಿಸುವ ಕಡ್ಡಿಯ ಕೆಳಗೆ, ಅದು ಎಷ್ಟು ವಾಲಿತು ಅಂತ ಅಳೆಯುವ ಪೊಟೆನ್ಷಿಯೋಮೀಟರ್‌ನ ಕಾರ್ಬನ್ ಪಟ್ಟಿ ಸವೆಯುವುದರಿಂದ ಹೀಗಾಗುತ್ತದೆ. ಆಯಸ್ಕಾಂತದಿಂದ ಅಳೆಯುವ, ಹೀಗೆ ಸವೆಯದ ಹಾಲ್ ಎಫೆಕ್ಟ್ ಕಡ್ಡಿಗಳು ಇವೆ, ಇದರಲ್ಲಿ ಹಾಕಿಲ್ಲ. ವಾರಂಟಿ ಮುಗಿದು ಎರಡು ತಿಂಗಳು. ಒಂದು ಸರ್ವಿಸ್ ಸೆಂಟರ್‌ನಲ್ಲಿ ಕೌಂಟರ್ ಹಿಂದಿನವರು ಬಿಚ್ಚಿಯೂ ನೋಡದೆ "ಹೊಸದು ತಗೊಳ್ಳಿ" ಅಂದರು. ಹೊಸದಕ್ಕೆ ಆರು ಸಾವಿರದ ಹತ್ತಿರ. ಕೊನೆಗೆ ಎಸ್‌ಪಿ ರೋಡ್‌ನಲ್ಲಿ ಒಬ್ಬ ಹುಡುಗ ಬೆಸುಗೆ ಬಿಚ್ಚಿ ಹೊಸ ಕಡ್ಡಿ ಕೂರಿಸಿ 900 ತಗೊಂಡ. ನಾನು ಸ್ಟೂಲ್ ಮೇಲೆ ಕೂತು ಪೂರ್ತಿ ನೋಡಿದೆ. ಮುಕ್ಕಾಲು ಗಂಟೆ, ಒಂದು ಚಹಾ. ಮೂರ್ನಾಲ್ಕು ತಿಂಗಳಾಯಿತು, ಸರಿಯಿದೆ. ಕಂಟ್ರೋಲರ್ ಬ್ಯಾಟರಿಯೂ ಅಷ್ಟಕ್ಕಷ್ಟೇ, ಎರಡು ದಿನಕ್ಕೊಮ್ಮೆ ಚಾರ್ಜ್‌ಗೆ ಹಾಕುತ್ತಿರಬೇಕು.

ಕರೆಂಟ್ ಹೋದರೆ ಮತ್ತೆ ಹಾಕಿದಾಗ "ಸರಿಯಾಗಿ ಆಫ್ ಮಾಡಿರಲಿಲ್ಲ" ಅಂತ ಗದರಿಸಿ ಸ್ಟೋರೇಜ್ ತಪಾಸಣೆಗೆ ಕೂರುತ್ತದೆ. ನಮ್ಮ ಇನ್ವರ್ಟರ್ ಆನ್ ಆಗುವ ಆ ಕ್ಷಣದ ಅಂತರವೇ ಸಾಕು ಅದಕ್ಕೆ. ಒಂದು ಸಣ್ಣ ಯುಪಿಎಸ್ ಹಾಕಿಸಿದೆ. ಹೊಸ ಆಟಗಳ ಬೆಲೆ ಐದು ಸಾವಿರದ ಆಸುಪಾಸು. ಅದರ ಬಗ್ಗೆ ಏನು ಹೇಳೋದು, ನಾನು ಇದುವರೆಗೆ ಒಂದೇ ಒಂದು ಹೊಸ ಡಿಸ್ಕ್ ಕೊಂಡಿದ್ದೇನೆ, ಆಸ್ಟ್ರೋ ಬಾಟ್. ಅದೇ ಬಿಳಿ ರೋಬೋನ ದೊಡ್ಡ ಆಟ, 2024ರಲ್ಲಿ ವರ್ಷದ ಆಟ ಅಂತ ಪ್ರಶಸ್ತಿ ಪಡೆದದ್ದು. ಒಂದೊಂದು ಹಂತ ಹತ್ತು ಹದಿನೈದು ನಿಮಿಷ. ಅದನ್ನು ಮಾರಲ್ಲ.

ಕೊಳ್ಳಬೇಕು ಅಂತ ಇರುವವರಿಗೆ: ದುಡ್ಡು ಉಳಿಸಲು (2024ರ ಬೆಲೆಯಲ್ಲಿ ಹತ್ತು ಸಾವಿರ) ಡಿಜಿಟಲ್ ಮಾಡೆಲ್ ತಗೊಳ್ಳಬೇಡಿ. ಆರು ಡಿಸ್ಕ್ ತಂದು ಮಾರಿದರೆ ಆ ವ್ಯತ್ಯಾಸ ಹೆಚ್ಚುಕಡಿಮೆ ಹುಟ್ಟುತ್ತದೆ. ಮೊದಲ ಆರು ತಿಂಗಳು ಚಂದಾ ಕಟ್ಟಲೇಬೇಡಿ. ಒಂದು ಸಲಕ್ಕೆ ಒಂದೇ ಆಟ ಇಳಿಸಿಟ್ಟುಕೊಳ್ಳಿ. ಹತ್ತಿರದಲ್ಲಿ ಹಳೆ ಡಿಸ್ಕ್ ಅಂಗಡಿ ಇಲ್ಲ ಅಂದರೆ ಗೆಳೆಯರ ಹತ್ತಿರ ಬದಲಾಯಿಸಿಕೊಳ್ಳಿ, ವಾಪಸ್ ಕೊಡುವ ತಾರೀಖು ಮಾತ್ರ ಗಟ್ಟಿಯಾಗಿ ಮಾತಾಡಿಕೊಳ್ಳಿ.

ಕನ್ಸೋಲ್‌ಗೆ ಐದಕ್ಕೆ ನಾಲ್ಕು, ಕಂಟ್ರೋಲರ್‌ನ ಕಡ್ಡಿಗೆ ಒಂದು ಕಳೆದಿದ್ದೇನೆ. ಜೆರಾಕ್ಸ್ ಅಂಗಡಿ ಮಹಡಿಯವನಿಗೆ ಐದಕ್ಕೆ ಐದು. ಗುರುವಾರದೊಳಗೆ ಸ್ಪೈಡರ್‌ಮ್ಯಾನ್ 2 ವಾಪಸ್ ಕೊಡಬೇಕು, ಇನ್ನೂ ಅರ್ಧ ಆಗಿಲ್ಲ.