ಮೊದಲು ಯಾವುದನ್ನು ಓದಲಿ? ಮನಸ್ಸು ಕಲಕುವ ಎರಡು ಚೀನೀ ವೆಬ್ ಕಾದಂಬರಿಗಳು

ನನ್ನ ಆಯ್ಕೆ ಮೊದಲು 'ಮೋ ದಾವ್ ಜು ಶಿ'. 2015ರಲ್ಲಿ ಚೀನಾದ ಜಿನ್‌ಜಿಯಾಂಗ್ ಜಾಲತಾಣದಲ್ಲಿ ಧಾರಾವಾಹಿಯಾಗಿ ಶುರುವಾದದ್ದು. ಅನಾಥ ವೇಯ್ ವೂಶಿಯಾನ್ ಬೆಳೆದದ್ದು ತಾವರೆಕೊಳಗಳ ನಡುವಿನ ಮನೆಯಲ್ಲಿ. ಅಲ್ಲಿ ಅಕ್ಕನ ಸ್ಥಾನದಲ್ಲಿರುವ ಯಾನ್‌ಲಿ ಹಂದಿ ಪಕ್ಕೆಲುಬು, ತಾವರೆ ಗೆಡ್ಡೆ ಹಾಕಿ ಸೂಪು ಮಾಡುತ್ತಾಳೆ. ಮುಂದೆ ಆ ಮನೆ ಸುಟ್ಟುಹೋಗುತ್ತದೆ, ಅವನು ಎಲ್ಲರಿಗೂ ಬೇಡವಾಗುತ್ತಾನೆ. ತನ್ನ ಮದುವೆಗೆ ಅವನು ಬರುವಂತಿಲ್ಲವೆಂದು ತಿಳಿದ ಅವಳು ಮದುವೆಯ ಉಡುಪು ತೊಟ್ಟು, ಅದೇ ಸೂಪು ಹಿಡಿದು ಅವನಿದ್ದಲ್ಲಿಗೇ ಬರುತ್ತಾಳೆ. ಯುದ್ಧದ ಯಾವ ಸನ್ನಿವೇಶಕ್ಕೂ ಈ ಪುಟಗಳ ಶಕ್ತಿಯಿಲ್ಲ.

2018ರಲ್ಲಿ ಚಿದಿಯಾನ್ ಜಾಲತಾಣದಲ್ಲಿ ಆರಂಭವಾದ 'ಲಾರ್ಡ್ ಆಫ್ ದಿ ಮಿಸ್ಟರೀಸ್' ಬೇರೆಯದೇ ಜಾತಿ. ಗ್ಯಾಸ್ ದೀಪದ ನಗರ, ಬಾಡಿಗೆ ಮನೆ, ಬ್ರೆಡ್ಡಿಗೂ ಚಿಲ್ಲರೆ ಎಣಿಸುವ ಅಣ್ಣ-ತಂಗಿ. ಬೇರೊಂದು ಲೋಕದಿಂದ ಬಂದು ಅವರ ಒಡಹುಟ್ಟಿದ ಕ್ಲೈನ್‌ನ ದೇಹದಲ್ಲಿ ಎಚ್ಚರಗೊಂಡವನು ನಿಧಾನಕ್ಕೆ ಆ ಮನೆಯವನೇ ಆಗಿಬಿಡುತ್ತಾನೆ. ಮೊದಲ ಸಂಪುಟದ ಕೊನೆ ಹೇಳಿ ಕೆಡಿಸಲಾರೆ, ಆದರೆ ಅಲ್ಲಿ ನೋಯುವುದು ಈ ಬಡತನದ ವಿವರಗಳಿಂದಲೇ.

ಈ ಎರಡನೆಯದು ಸಾವಿರಕ್ಕೂ ಹೆಚ್ಚು ಅಧ್ಯಾಯ, ತಾಳ್ಮೆ ಬೇಕು. ಮೊದಲನೆಯದು ಚಿಕ್ಕದು, ಆದರೆ ಕಾಲ ಹಿಂದುಮುಂದಾಗುತ್ತದೆ, ಒಬ್ಬೊಬ್ಬರಿಗೂ ಎರಡು-ಮೂರು ಹೆಸರು. ಹೆಸರುಗಳನ್ನು ಬರೆದಿಟ್ಟುಕೊಂಡು ಓದಿ.