ಘಾಟಿ ರಸ್ತೆಗೆ ಯಾವ ಬಲ್ಬು? ಎಲ್‌ಇಡಿ, 100 ವಾಟ್, ಮಾಮೂಲಿ ಹಾಲೋಜನ್ ಎಲ್ಲಾ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾಮೂಲಿ 60/55 ವಾಟ್ ಹಾಲೋಜನ್ ಬಲ್ಬಿಗೆ (ದೂರ ಬೀಳುವ ಹೈ ಬೀಮಿಗೆ 60, ತಗ್ಗಿ ಹತ್ತಿರ ಬೀಳುವ ಲೋ ಬೀಮಿಗೆ 55). ಜೊತೆಗೆ ಬ್ಯಾಟರಿಯ ಕರೆಂಟನ್ನು ಬಲ್ಬಿಗೆ ನೇರ ತಲುಪಿಸುವ ಒಂದು ರಿಲೇ ಕಿಟ್, ಮಂಜಿಗೆಂದು ಬಂಪರಿನ ತಗ್ಗಿನಲ್ಲಿರುವ ಫಾಗ್ ಲೈಟಿಗೆ ಹಳದಿ ಹಾಲೋಜನ್. ಎಲ್‌ಇಡಿ ಕಾಲದಲ್ಲಿ ಇದೇನು ಅಜ್ಜನ ಕಾಲದ ಮಾತು ಅಂತ ನಗಬೇಡಿ. ನನ್ನದು ಎಚ್4 ಎಂಬ ಮಾದರಿಯ ಬಲ್ಬು, ಅದರ ಬೆಳಕನ್ನು ಹಿಂದಿನ ಹೊಳೆಯುವ ಬಟ್ಟಲು ಮುಂದಕ್ಕೆ ತಳ್ಳುವ ರಿಫ್ಲೆಕ್ಟರ್ ಹೆಡ್‌ಲೈಟು ಇರುವ ಹಳೆಯ ಸಣ್ಣ ಕಾರು. ಬೆಂಗಳೂರಿಂದ ಬೆಳ್ತಂಗಡಿ ಕಡೆ ಊರಿಗೆ ಹೋಗಬೇಕಾದರೆ ನಾನು ಹಿಡಿಯುವುದು ಚಾರ್ಮಾಡಿ ಘಾಟಿಯನ್ನೇ. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿದರೆ ಮಧ್ಯಾಹ್ನವೇ ಮಂಜು ಮುಸುಕಿರುತ್ತದೆ. ಬೆಳಕನ್ನು ಲೆನ್ಸಿನ ಮೂಲಕ ಬಿಡುವ ಪ್ರೊಜೆಕ್ಟರ್ ಲೈಟಿನ ಹೊಸ ಕಾರು ಇರುವವರಿಗೆ ಇಲ್ಲಿನ ಅರ್ಧ ಮಾತು ಲೆಕ್ಕಕ್ಕೆ ಬರುವುದಿಲ್ಲ.

ಎಲ್‌ಇಡಿ ನಾನು ಕೊಂಡಿದ್ದಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆಗೇ ಬಂತು. ಹಿಂದಿನ ಮಾಲೀಕರು ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ್ದರಂತೆ, ಹೆಮ್ಮೆಯಿಂದ ಹೇಳಿದರು. ಪಾರ್ಕಿಂಗ್ ಗೋಡೆ ಮೇಲೆ ಬಿಟ್ಟು ನೋಡಿದರೆ ಹಗಲಿನ ಥರ ಬೆಳಕು. ಒಣ ರಸ್ತೆಯಲ್ಲೂ ಚೆನ್ನಾಗಿಯೇ ಇತ್ತು. ಮಳೆ ಬಂದ ರಾತ್ರಿ ಬಣ್ಣ ಬಯಲಾಯಿತು. ಬಾನೆಟ್ ಮುಂದಿನ ಇಪ್ಪತ್ತು ಅಡಿ ಫಳಫಳ, ಅದರಾಚೆ ಕತ್ತಲು. ಹತ್ತಿರ ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಆಗ ದೂರದ್ದು ಕಾಣುವುದಿಲ್ಲ. ಘಾಟಿಯಲ್ಲಿ ಬೇಕಾದದ್ದೇ ಆ ದೂರದ ತಿರುವು.

ಎಚ್4 ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುತ್ತವೆ. ಲೋ ಬೀಮ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ಬಟ್ಟಲು. ಅದು ಬೆಳಕನ್ನು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ. ಅದಕ್ಕೇ ಗೋಡೆ ಮೇಲೆ ಗೆರೆ ಎಳೆದ ಹಾಗೆ ಬೆಳಕು ನಿಲ್ಲುವುದು, ಎಡಕ್ಕೆ ಸ್ವಲ್ಪ ಮೇಲೇರುವುದು. ಎಲ್‌ಇಡಿಯ ಬೆಳಕು ಕೊಡುವ ಚಿಪ್ ಆ ಫಿಲಮೆಂಟ್ ಇದ್ದ ಜಾಗದಲ್ಲೇ ಕೂರಬೇಕು. ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಗೆರೆ ಕದಡಿಹೋಗುತ್ತದೆ, ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಲೋ ಬೀಮಿನಲ್ಲಿ ಹೋಗುತ್ತಿದ್ದರೂ ಎದುರಿನ ಬಸ್ಸು, ಲಾರಿಯವರು ಡಿಪ್ ಮಾಡು ಅಂತ ಲೈಟ್ ಹೊಡೆಯುತ್ತಿದ್ದರು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ನನ್ನ ತಲೆ ಕೆಡಿಸಿದ್ದು ಲೈಟಿನ ಹಿಂದಿರುವ ರಬ್ಬರ್ ಟೋಪಿ.

ಹೆಡ್‌ಲೈಟಿನ ಹಿಂಬದಿಗೆ ಕೈ ಹಾಕಿದರೆ ಕಪ್ಪು ರಬ್ಬರ್ ಮುಚ್ಚಳವೊಂದು ಸಿಗುತ್ತದೆ. ನಡುವೆ ತೂತು. ಬಲ್ಬಿನ ಮೂರು ಪಿನ್ನಿನ ಬುಡಕ್ಕೆ ಅದು ಬಿಗಿಯಾಗಿ ಕೂತರೆ ಒಳಗೆ ನೀರೂ ಹೋಗುವುದಿಲ್ಲ, ಧೂಳೂ ಹೋಗುವುದಿಲ್ಲ. ಎಲ್‌ಇಡಿಗೆ ಹಿಂದೆ ದಪ್ಪನೆಯ ಫ್ಯಾನು. ಅದು ಆ ತೂತಿನಲ್ಲಿ ತೂರುವುದಿಲ್ಲ. ಹಾಗಾಗಿ ಫಿಟ್ ಮಾಡಿದ ಪುಣ್ಯಾತ್ಮ ಬ್ಲೇಡಿನಲ್ಲಿ ತೂತನ್ನು ದೊಡ್ಡದು ಮಾಡಿ, ಸುತ್ತ ಸಿಲಿಕೋನ್ ಬಳಿದಿದ್ದ. ಎಂಜಿನ್ ಶಾಖಕ್ಕೆ ಆ ಸಿಲಿಕೋನ್ ಎದ್ದು ಬಂದಿತ್ತು.

ಇದರಲ್ಲಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ರಬ್ಬರಿನಿಂದ ಪೂರ್ತಿ ಮುಚ್ಚಿದರೆ ಫ್ಯಾನಿಗೆ ಗಾಳಿ ಸಿಗುವುದಿಲ್ಲ, ಚಿಪ್ ಕಾದು ಮಂಕಾಗುತ್ತದೆ. ತೆರೆದು ಬಿಟ್ಟರೆ ನೀರು. ಕರಾವಳಿಯ ಜುಲೈ ಮಳೆ ಗೊತ್ತಲ್ವಾ? ಬೆಳಗ್ಗೆ ನೋಡಿದರೆ ಗಾಜಿನ ಒಳಗೆ ಹನಿ ಹನಿ ನೀರು. ಹಾಲೋಜನ್ ಆದರೆ ಅದರ ಬಿಸಿಗೇ ತೇವ ಎಷ್ಟೋ ಆರುತ್ತದೆ. ಎಲ್‌ಇಡಿ ತನ್ನ ಬಿಸಿಯನ್ನೆಲ್ಲ ಹಿಂದಕ್ಕೆ ಬಿಡುತ್ತದೆ, ಮುಂದೆ ಗಾಜು ತಣ್ಣಗೇ ಇರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಲಗಡೆ ರಿಫ್ಲೆಕ್ಟರಿನ ಬೆಳ್ಳಿ ಹೊಳಪು ಹೋಗಿ ಹಾಲಿನ ಕೆನೆ ಕಟ್ಟಿದ ಹಾಗಾಗಿತ್ತು. ರಿಫ್ಲೆಕ್ಟರ್ ಒಂದೇ ಬಿಡಿಯಾಗಿ ಸಿಗುವುದಿಲ್ಲ, ಇಡೀ ಹೆಡ್‌ಲೈಟ್ ಬದಲಾಯಿಸಬೇಕು. ಎರಡು ಬದಿಗೂ ಹೊಸ ರಬ್ಬರ್ ಟೋಪಿ ಬೇರೆ. ಅದನ್ನು ತರಿಸಿಕೊಡಲು ಅಂಗಡಿಯವನು ನನ್ನನ್ನು ಓಡಾಡಿಸಿದ್ದು ಇನ್ನೊಂದು ಕಥೆ.

ಲೈಟ್ ಹಾಕಿದ ಕೂಡಲೇ ಎಫ್‌ಎಂನಲ್ಲಿ ಗೊರಗೊರ ಸದ್ದು ಬರುತ್ತಿತ್ತು, ಅದು ಬೋನಸ್ಸು.

2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದವರ ಮೇಲೆ ಕರ್ನಾಟಕ ಪೊಲೀಸರು ಕೇಸ್ ಹಾಕುತ್ತಿದ್ದಾರೆ. ಅದನ್ನೂ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ.

ಆಮೇಲೆ ಹಾಕಿ ನೋಡಿದ್ದು 100/90 ವಾಟ್ ಹಾಲೋಜನ್. ಬರೀ ಬೆಳಕಿನ ಮಟ್ಟಿಗೆ ಹೇಳಿದರೆ ಇದೇ ಗೆದ್ದಿದ್ದು, ಒಪ್ಪುತ್ತೇನೆ. ಹೈ ಬೀಮ್ ಹಾಕಿದರೆ ಕಾಡಿಗೆ ಕಾಡೇ ಎದ್ದು ನಿಲ್ಲುತ್ತದೆ. ಆದರೆ ಪ್ಯಾಕೆಟ್ ಮೇಲೇ ಆಫ್‌ರೋಡಿಗೆ ಮಾತ್ರ ಎಂದು ಬರೆದಿರುತ್ತದೆ. 55 ವಾಟಿನ ಜೋಡಿ ಲೋ ಬೀಮಿನಲ್ಲಿ ಸುಮಾರು 9 ಆಂಪಿಯರ್ ಎಳೆದರೆ 90 ವಾಟಿನ ಜೋಡಿ 15 ಎಳೆಯುತ್ತದೆ. ಕಂಪನಿಯವರು ಕೊಟ್ಟ ವೈರು, ಪ್ಲಾಸ್ಟಿಕ್ ಹೋಲ್ಡರು ಅದಕ್ಕಲ್ಲ. ರಿಲೇ ಕಿಟ್, ಸೆರಾಮಿಕ್ ಹೋಲ್ಡರ್ ಇಲ್ಲದೆ ಮುಟ್ಟಲೇಬೇಡಿ. ಅವೆರಡನ್ನೂ ನಾನು ಹಾಕಿಸಿದ್ದೆ. ಆದರೂ ಆ ಬಿಸಿಗೆ ಹೊಸ ಹೆಡ್‌ಲೈಟನ್ನು ಬಲಿ ಕೊಡುವ ಧೈರ್ಯ ಬರಲಿಲ್ಲ, ತೆಗೆದುಬಿಟ್ಟೆ.

ತೆಗೆದ ಮೇಲೆ ಅದೇ ರಿಲೇ ಕಿಟ್ಟಿಗೆ ಮಾಮೂಲಿ 60/55 ಸಿಕ್ಕಿಸಿದೆ. ಮಜಾ ಶುರುವಾಗಿದ್ದು ಇಲ್ಲಿ. ಹಳೆ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟು ಸ್ವಿಚ್ಚಿನ ಮೂಲಕವೇ ಸುತ್ತಿ ಬರುವುದು ಜಾಸ್ತಿ. ರಿಲೇ ಹಾಕುವ ಮೊದಲು ಮಾಮೂಲಿ ಬಲ್ಬಿನಲ್ಲೇ, ಎಂಜಿನ್ ಆನ್ ಇಟ್ಟು ಮಲ್ಟಿಮೀಟರ್ ಹಿಡಿದಿದ್ದೆ. ಬ್ಯಾಟರಿಯಲ್ಲಿ 14 ವೋಲ್ಟ್ ಹತ್ತಿರ, ಬಲ್ಬಿನ ಹೋಲ್ಡರಿನಲ್ಲಿ 12.5. ಫಿಲಮೆಂಟ್ ಬಲ್ಬಿನ ಸ್ವಭಾವ ಏನೆಂದರೆ, ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಅಂದರೆ ಬಲ್ಬು ಸರಿಯಾಗೇ ಇತ್ತು, ಅದಕ್ಕೆ ಹೊಟ್ಟೆಗೆ ಸಾಕಷ್ಟು ಸಿಗುತ್ತಿರಲಿಲ್ಲ ಅಷ್ಟೇ. ರಿಲೇ ಬಂದ ಮೇಲೆ ಕರೆಂಟು ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಬರುತ್ತದೆ, ಸ್ವಿಚ್ಚು ರಿಲೇಯನ್ನು ಮಾತ್ರ ಎಬ್ಬಿಸುತ್ತದೆ. ಬಲ್ಬಿನ ಆಯಸ್ಸು ಸ್ವಲ್ಪ ಕಡಿಮೆಯಾಗಬಹುದು. ಆಗಲಿ, ಇದೇನು ದುಬಾರಿ ಬಲ್ಬಲ್ಲ. ಗೋಡೆ ಮೇಲೆ ಗೆರೆ ಮತ್ತೆ ನೆಟ್ಟಗೆ ಬಂತು. ಎದುರಿನವರು ಲೈಟ್ ಹೊಡೆಯುವುದೂ ನಿಂತಿತು.

ಆಸ್ರಾಮ್ ನೈಟ್ ಬ್ರೇಕರ್, ಫಿಲಿಪ್ಸ್ ಎಕ್ಸ್‌ಟ್ರೀಮ್‌ವಿಷನ್ ಥರದವೂ ಇವೆ. ವಾಟ್ ಅಷ್ಟೇ, ಬೆಳಕು ಇನ್ನಷ್ಟು ಚುರುಕು, ಆಯಸ್ಸು ಕಡಿಮೆ. ನನ್ನ ತಮ್ಮ ಹಾಕಿಸಿಕೊಂಡಿದ್ದಾನೆ, ಓಡಿಸಿ ನೋಡಿದೆ, ನಿಜಕ್ಕೂ ಚೆನ್ನಾಗಿದೆ. ಆದರೆ ಪ್ಯಾಕೆಟ್ ಮೇಲಿನ 130%, 150% ನೋಡಿ ಬೆಳಕು ಎರಡೂವರೆ ಪಟ್ಟು ಅಂದುಕೊಳ್ಳಬೇಡಿ. ಅದು ರಸ್ತೆಯ ಒಂದು ಜಾಗದಲ್ಲಿ ಬೀಳುವ ಬೆಳಕನ್ನು ಕಾನೂನಿನ ಕನಿಷ್ಠ ಮಟ್ಟಕ್ಕೆ ಹೋಲಿಸಿದ ಲೆಕ್ಕ. ಮಾಮೂಲಿ ಬಲ್ಬಿನ ಮೂರು ನಾಲ್ಕು ಪಟ್ಟು ದುಡ್ಡು ಬೇರೆ. ನೀಲಿ ಬಣ್ಣ ಬಳಿದ ಹಾಲೋಜನ್ ಬಗ್ಗೆ ಮಾತೇ ಬೇಡ, ಆ ಬಣ್ಣವೇ ಬೆಳಕನ್ನು ತಿನ್ನುತ್ತದೆ.

ಇನ್ನು ಫಾಗ್ ಲೈಟು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎನ್ನುವುದು ಅಷ್ಟು ಸರಿಯಲ್ಲ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡವು, ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆಲ್ಲುತ್ತವೆ. ಕೆಲಸ ಮಾಡುವುದು ಲೈಟು ಇರುವ ಜಾಗ. ತಗ್ಗಿನಲ್ಲಿದ್ದು ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡಿದರೆ ಮಂಜಿನ ಗೋಡೆ ನಮ್ಮ ಕಣ್ಣಿಗೇ ವಾಪಸ್ ಹೊಡೆಯುವುದಿಲ್ಲ. ಹಾಗಿದ್ದೂ ನಾನು ಹಳದಿ ಯಾಕೆ ಹಾಕಿದೆ? ಬಿಳಿ ಬೆಳಕಿನಲ್ಲಿ ಘಾಟಿ ಇಳಿದರೆ ಕಣ್ಣು ಉರಿಯುತ್ತದೆ, ಹಳದಿಯಲ್ಲಿ ಅಷ್ಟಿಲ್ಲ. ಫ್ರಾನ್ಸಿನಲ್ಲಂತೂ 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕಿತ್ತು. ಮಂಜು ದಟ್ಟವಾದರೆ ಹೆಡ್‌ಲೈಟನ್ನು ಲೋ ಬೀಮಿಗೆ ಇಳಿಸಿ ಫಾಗ್ ಹಾಕಿಕೊಂಡರೆ ರಸ್ತೆ ಅಂಚಿನ ಬಿಳಿ ಪಟ್ಟಿ ಸಿಗುತ್ತದೆ. ಅದನ್ನೇ ಹಿಡಿದುಕೊಂಡು ಹೋಗುವುದು.

ಕೊಳ್ಳುವಾಗ ನಂಬರ್ ನೋಡಿ. ಎಚ್8, ಎಚ್11 ನೋಡಲು ಅಣ್ಣತಮ್ಮ. ಎಚ್8 35 ವಾಟ್, ಎಚ್11 55. 35ರ ಜಾಗಕ್ಕೆ 55 ತುರುಕಿದರೆ ಫಾಗ್ ಲೈಟಿನ ಪ್ಲಾಸ್ಟಿಕ್ ಗಾಜು ಉಳಿಯುವುದು ಅನುಮಾನ.

ಬಲ್ಬು, ರಿಲೇ ಕಿಟ್, ಕೂಲಿ ಸೇರಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 2000 ರೂಪಾಯಿ ಒಳಗೇ ನನ್ನ ಕೆಲಸ ಮುಗಿಯಿತು. ದಾರಿಯಲ್ಲಿ ಬಲ್ಬು ಹೋದರೂ ಮೂಡಿಗೆರೆಯಲ್ಲೋ ಉಜಿರೆಯಲ್ಲೋ ಎಚ್4 ಸಿಗದೇ ಇರುವುದಿಲ್ಲ. ಎಲ್‌ಇಡಿ ಕೆಟ್ಟರೆ ಅದೇ ಜೋಡಿಯನ್ನು ಎಲ್ಲಿ ಹುಡುಕೋಣ? ಬೆಂಗಳೂರು-ಮೈಸೂರು ಬಿಟ್ಟು ಬೇರೆಲ್ಲೂ ಹೋಗದವರಿಗೆ ರಿಲೇ ಕಿಟ್ಟೂ ಬೇಡ. ಒಳ್ಳೆ ಕಂಪನಿಯ ಮಾಮೂಲಿ ಬಲ್ಬು ಹಾಕಿಸಿ, ಅಲ್ಲೇ ಗ್ಯಾರೇಜಿನ ಗೋಡೆ ಮುಂದೆ ನಿಲ್ಲಿಸಿ ಲೈಟಿನ ಎತ್ತರ ಸರಿ ಮಾಡಿಸಿಕೊಂಡು ಬನ್ನಿ.