ಚೇಂಬರ್ ಸದಸ್ಯತ್ವ: ವಾರ್ತಾಪತ್ರಕ್ಕಾಗಿ ಬೇಡ, ತೆರಿಗೆ ಮೇಜಿಗಾಗಿ ಇರಲಿ

ನಮ್ಮ ಜಿಲ್ಲಾ ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯ (ಚೇಂಬರಿನ) ವಾರ್ತಾಪತ್ರ ಪ್ರತಿ ತಿಂಗಳು ಅಂಚೆಯಲ್ಲಿ ನನ್ನ ಅಂಗಡಿಗೆ ಬರುತ್ತದೆ. ಮುಖಪುಟದಲ್ಲಿ ಅಧ್ಯಕ್ಷರು ಯಾರಿಗೋ ಶಾಲು ಹೊದಿಸುತ್ತಿರುತ್ತಾರೆ. ಪುಟ ತಿರುವಿದರೆ ಯಾರೋ ಅಧ್ಯಕ್ಷರಿಗೆ ಶಾಲು ಹೊದಿಸುತ್ತಿರುತ್ತಾರೆ. ಅದರ ಮುಂದೆ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಿದ ಚಿತ್ರವಿದ್ದು, ಅದರಲ್ಲಿ ಮನವಿ ಪತ್ರದ ಎರಡೂ ತುದಿಗಳನ್ನು ಆರೇಳು ಕೈಗಳು ಹಿಡಿದಿರುತ್ತವೆ. ಮನವಿಯಲ್ಲಿ ಏನು ಕೇಳಲಾಗಿತ್ತು, ಅದಕ್ಕೆ ಅಧಿಕಾರಿಗಳು ಏನೆಂದರು ಎಂಬುದು ಮಾತ್ರ ಚಿತ್ರದ ಕೆಳಗಿನ ಸಾಲುಗಳಲ್ಲಿ ಎಲ್ಲಿಯೂ ಇರುವುದಿಲ್ಲ. ಹಲವು ವರ್ಷಗಳಿಂದ ಚಂದಾ ಕಟ್ಟುತ್ತಿರುವ ಸದಸ್ಯನಾಗಿ ಈ ವಿಮರ್ಶೆಯನ್ನು ಬರೆಯಲು ಮೊದಲ ಕಾರಣ ಇದೇ.

ನನ್ನದು ದಿನಸಿ ಮತ್ತು ಗೃಹಬಳಕೆ ವಸ್ತುಗಳ ಸಗಟು ವ್ಯಾಪಾರ. ಅಂಗಡಿಯಿಂದ ಅಂಗಡಿಗೆ ಹೋಗಿ ಆರ್ಡರ್ ತರುವ ಇಬ್ಬರು ಲೈನ್ ಹುಡುಗರು, ಒಬ್ಬ ಗುಮಾಸ್ತರು, ತಿಂಗಳಿಗೊಮ್ಮೆ ಬಂದು ಹೋಗುವ ಆಡಿಟರ್. ಇಷ್ಟೇ ನಮ್ಮ ಸಂಸಾರ. ಚೇಂಬರಿನ ವಾರ್ಷಿಕ ಚಂದಾ ದೊಡ್ಡ ಕಾರ್ಖಾನೆಯವರಿಗೆ ಒಂದು ಹೊತ್ತಿನ ಊಟದ ಬಿಲ್ಲಿಗೂ ಕಡಿಮೆ ಎನ್ನಿಸಬಹುದು, ಆದರೆ ಒಂದು ಪೆಟ್ಟಿಗೆಯ ಮೇಲೆ ಎರಡು ಮೂರು ರೂಪಾಯಿ ಉಳಿಸಿಕೊಳ್ಳಲು ಹೆಣಗುವ ನಮ್ಮಂಥವರು ಅದನ್ನು ಖರ್ಚಿನ ಖಾತೆಯಲ್ಲಿ ಬರೆಯುವಾಗ ಎರಡು ಸಲ ಯೋಚಿಸುತ್ತೇವೆ. ಸಂಸ್ಥೆಯ ಕರಪತ್ರದಲ್ಲಿರುವ ಸೌಲಭ್ಯಗಳ ಪಟ್ಟಿಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಸದಸ್ಯರಾಗಲು ಹೊರಟವರು ಅದನ್ನು ನೋಡಿಯೇ ಇರುತ್ತಾರೆ.

ವಾರ್ತಾಪತ್ರ ಬಂದ ದಿನ ನಾನು ಅದನ್ನು ಹಿಂದಿನಿಂದ ಓದುತ್ತೇನೆ. ಪೆಟ್ಟಿಗೆ ಕೊಯ್ಯುವ ಬ್ಲೇಡಿನಿಂದಲೇ ಸುತ್ತಿದ ಕಾಗದವನ್ನು ಸೀಳಿ, ಕೊನೆಯ ಪುಟದ ಬಣ್ಣದ ಜಾಹೀರಾತನ್ನು ಮಡಚಿ, ಅದರ ಒಳಬದಿಯಲ್ಲಿರುವ ಆ ತಿಂಗಳು ತೆರಿಗೆ, ಲೆಕ್ಕಪತ್ರ ಸಲ್ಲಿಸಲು ಇರುವ ಕಡೆಯ ದಿನಾಂಕಗಳ ಕೋಷ್ಟಕವನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲಿನ ಗಾಜಿನ ಅಡಿಗೆ ಸೇರಿಸುತ್ತೇನೆ. 7ಕ್ಕೆ ಟಿಡಿಎಸ್ (ಪಾವತಿಯಲ್ಲಿ ಮುರಿದುಕೊಂಡ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 15ಕ್ಕೆ ನೌಕರರ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ (ತಿಂಗಳ ತೆರಿಗೆಯ ಲೆಕ್ಕ ಮತ್ತು ಪಾವತಿ) ಮತ್ತು ವೃತ್ತಿ ತೆರಿಗೆ. ಒಂದೊಂದು ಕೆಲಸ ಮುಗಿದ ಹಾಗೆ ಗುಮಾಸ್ತರು ಗಾಜಿನ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕುತ್ತಾರೆ, ತಿಂಗಳ ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ದಿನಾಂಕಗಳು ಆಡಿಟರಿಗೂ ಗೊತ್ತು, ಫೋನಿನಲ್ಲೂ ಇವೆ. ಆದರೂ ಹಣ ಎಣಿಸುವಾಗ ಕೈಯ ಕೆಳಗೇ ಕಾಣುವ ಈ ಪಟ್ಟಿಯಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ.

ಇಷ್ಟು ಒಳ್ಳೆಯ ಕೋಷ್ಟಕವನ್ನು ಹೊತ್ತ ವಾರ್ತಾಪತ್ರ ಹೆಚ್ಚಿನ ತಿಂಗಳುಗಳಲ್ಲಿ ನಮ್ಮ ಕೈಸೇರುವುದು 11 ಕಳೆದ ಮೇಲೆ. ಸಮಾರಂಭದ ಚಿತ್ರಗಳು ಬರಲಿಲ್ಲವೆಂದು ಮುದ್ರಣವನ್ನು ತಡೆಹಿಡಿಯುತ್ತಾರಂತೆ. ಇದಕ್ಕಿಂತ ನನ್ನನ್ನು ಕೆರಳಿಸಿದ್ದು 2024ರ ಆರಂಭದಲ್ಲಿ ಬಂದ ಒಂದು ಸುತ್ತೋಲೆ. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಉಪವಿಧಿಯ ಪ್ರಕಾರ ಸಣ್ಣ ಉದ್ದಿಮೆಗಳ ಬಿಲ್ಲನ್ನು 45 ದಿನದೊಳಗೆ ಪಾವತಿಸದಿದ್ದರೆ ಖರೀದಿದಾರರಿಗೆ ಆ ವರ್ಷ ಆ ಖರ್ಚಿನ ವಿನಾಯಿತಿ ಸಿಗುವುದಿಲ್ಲವೆಂದೂ, ಆದ್ದರಿಂದ ಉದ್ಯಮ್ ನೋಂದಣಿಯಿರುವ (ಸಣ್ಣ ಉದ್ದಿಮೆಯೆಂದು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡ) ಸದಸ್ಯರೆಲ್ಲರೂ ತಮ್ಮ ಬಾಕಿಯನ್ನು ಧೈರ್ಯವಾಗಿ ಕೇಳಬಹುದೆಂದೂ ಅದರಲ್ಲಿ ಬರೆದಿತ್ತು. 45 ದಿನವೆಂಬುದು ಲಿಖಿತ ಒಪ್ಪಂದವಿದ್ದಾಗಿನ ಗರಿಷ್ಠ ಮಿತಿ, ಒಪ್ಪಂದವಿಲ್ಲದಿದ್ದರೆ 15 ದಿನ ಎಂಬುದನ್ನು ಸುತ್ತೋಲೆ ಹೇಳಲಿಲ್ಲ. 2021ರಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯ ಅವಕಾಶ ಕೊಟ್ಟದ್ದು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಸರಕು ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ ಇರುವ ಈ ರಕ್ಷಣೆ ನಮ್ಮಂತೆ ಕೊಂಡು ಮಾರುವವರಿಗೆ ಇಲ್ಲ ಎಂಬುದನ್ನೂ ಹೇಳಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಬಹುಪಾಲು ವ್ಯಾಪಾರಿಗಳೇ ಇರುವ ಸಂಸ್ಥೆ ಆ ಒಂದು ಸಾಲನ್ನು ಸೇರಿಸಿದ್ದರೆ, ಎಷ್ಟೋ ಮಂದಿ ಹಳೆಯ ಗಿರಾಕಿಗಳೊಂದಿಗೆ ವೃಥಾ ಮನಸ್ತಾಪ ಮಾಡಿಕೊಳ್ಳುವುದು ತಪ್ಪುತ್ತಿತ್ತು. ಆ ವರ್ಷ ನವೀಕರಣದ ಅರ್ಜಿಯನ್ನು ಮೇಜಿನ ಮೇಲೆ ಬಹಳ ಕಾಲ ಹಾಗೆಯೇ ಬಿಟ್ಟಿದ್ದೆ.

ನನ್ನ ಅಭಿಪ್ರಾಯ ಸಡಿಲವಾದದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಹಾಲು, ತರಕಾರಿ ಅಂಗಡಿಗಳವರಿಗೆ ನೋಟಿಸು ಕಳಿಸಿದ ತಿಂಗಳು ಅದು. ನನ್ನಿಂದ ಸರಕು ಒಯ್ಯುವ ಚಿಲ್ಲರೆ ಅಂಗಡಿಯವರು ಕ್ಯುಆರ್ ಕೋಡಿನ ಹಲಗೆಯನ್ನು ತೆಗೆದು, ನಗದು ಮಾತ್ರ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದರು. ಆಗ ಚೇಂಬರಿನ ಕೆಳಮಹಡಿಯಲ್ಲಿ, ಕಾರ್ಯದರ್ಶಿಗಳ ಕೋಣೆಯ ಹೊರಗೆ, ಒಂದು ಹಳೆಯ ಮೇಜನ್ನು ಹಾಕಿ ಸಂಜೆ ಹೊತ್ತು ತೆರಿಗೆ ಸಲಹೆಗಾರರೊಬ್ಬರನ್ನು ಕೂರಿಸಲಾಯಿತು. ಸದಸ್ಯರಲ್ಲದವರೂ ಬರಬಹುದು ಎಂದರು. ಶುಲ್ಕವನ್ನು ಕೇಳಲಿಲ್ಲ.

ನಾನು ನನ್ನ ಗಿರಾಕಿಯಾದ ಒಬ್ಬ ಬೇಕರಿಯವರನ್ನು ಕರೆದುಕೊಂಡು ಹೋಗಿದ್ದೆ. ಸಲಹೆಗಾರರು ಮೊದಲು ನೋಟಿಸನ್ನು ಪಕ್ಕಕ್ಕಿಟ್ಟು ಬ್ಯಾಂಕಿನ ಪಟ್ಟಿಯನ್ನು ಕೇಳಿದರು. ಆಮೇಲೆ ಎರಡು ಬಣ್ಣದ ಪೆನ್ನು ಹಿಡಿದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, “ಇದು ಯಾರು? ಇದು ವ್ಯಾಪಾರದ ದುಡ್ಡೇ?” ಎಂದು ಕೇಳುತ್ತಾ ಹೋದರು. ಭಾವಮೈದುನ ಹಿಂದಿರುಗಿಸಿದ ಕೈಸಾಲ, ಚೀಟಿ ಎತ್ತಿದ ಹಣ, ಮಗಳ ಕಾಲೇಜು ಶುಲ್ಕಕ್ಕೆಂದು ಅಣ್ಣ ಕಳಿಸಿದ್ದು ಒಂದು ಬಣ್ಣಕ್ಕೆ ಬಂದವು, ಮಾರಾಟದ ಹಣ ಇನ್ನೊಂದಕ್ಕೆ. “ಜಿಎಸ್‌ಟಿ ನೋಂದಣಿಗೆ ಸರಕು ಮಾರುವವರಿಗೆ ವರ್ಷದ ವಹಿವಾಟಿನ ಮಿತಿ 40 ಲಕ್ಷ, ಸೇವೆಗೆ 20 ಲಕ್ಷ. ನಿಮ್ಮ ಖಾತೆಗೆ ಬಂದದ್ದೆಲ್ಲ ವಹಿವಾಟಲ್ಲ ಎಂದು ತೋರಿಸಿ ಉತ್ತರ ಕೊಡಬೇಕು, ಅಂಗಡಿ ಮುಚ್ಚಿ ಕೂರಬಾರದು,” ಎಂದು ಅವರು ಹೇಳಿದಾಗ ಬೇಕರಿಯವರು ಮೊದಲ ಸಲ ನೇರವಾಗಿ ಕುಳಿತರು. ಹಾಲು ಮತ್ತು ತಾಜಾ ತರಕಾರಿಯಂತಹ ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಡವೆಂಬುದನ್ನು ಪಕ್ಕದ ಬೆಂಚಿನವರಿಗೂ ಕೇಳುವಂತೆ ವಿವರಿಸಿದರು. ಮಿತಿ ದಾಟಿದವರಿಗೆ, ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ, ಶೇ 1ರ ರಾಜಿ ತೆರಿಗೆಯ (ವಹಿವಾಟಿನ ಮೇಲೆ ಒಂದೇ ಸಣ್ಣ ದರದಲ್ಲಿ ಕಟ್ಟುವ ತೆರಿಗೆಯ) ದಾರಿಯನ್ನೂ ಅದರಲ್ಲಿ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ ಎಂಬ ಷರತ್ತನ್ನೂ ತಿಳಿಸಿದರು. ಜುಲೈ 23ರ ಸಭೆಯ ನಂತರ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಮೇಜಿನ ಮುಂದಿನ ಸಾಲು ಕರಗಿತು. ಆದರೆ ಮೇಜನ್ನು ತೆಗೆಯಲಿಲ್ಲ. ಈಗಲೂ ವಾರದ ನಿಗದಿತ ಸಂಜೆ ಅಲ್ಲಿ ಯಾರಾದರೂ ಕುಳಿತಿರುತ್ತಾರೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ಸಂತೋಷ ಕಾದಿತ್ತು. ಜಿಎಸ್‌ಟಿ ದರಗಳು 22ರಿಂದ ಬದಲಾಗುವುದೆಂದು ಘೋಷಣೆಯಾದಾಗ ನನ್ನ ಗೋದಾಮಿನಲ್ಲಿ ಹಳೆಯ ದರದ ಸರಕು ರಾಶಿ ಬಿದ್ದಿತ್ತು, ಚಿಲ್ಲರೆಯವರು ಆರ್ಡರ್ ಕೊಡುವುದನ್ನೇ ನಿಲ್ಲಿಸಿದ್ದರು. ಚೇಂಬರಿನ ಕಚೇರಿಯ ಸಿಬ್ಬಂದಿ ಮೇಡಂ ಒಬ್ಬರು, ಯಾವ ಸಮಿತಿಯ ಅಪ್ಪಣೆಗೂ ಕಾಯದೆ, ದಿನಸಿ ವ್ಯಾಪಾರಿಗಳಿಗೆ ಬೇಕಾದಷ್ಟನ್ನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಟೈಪು ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರು. ಮೈಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಶೇ 18ರಿಂದ 5ಕ್ಕೆ. ತುಪ್ಪ, ಬೆಣ್ಣೆ 12ರಿಂದ 5ಕ್ಕೆ. ಬಟ್ಟೆ ಒಗೆಯುವ ಪುಡಿ ಮಾತ್ರ 18ರಲ್ಲಿಯೇ. ಶುಭೋದಯದ ಹೂವಿನ ಚಿತ್ರಗಳ ನಡುವೆ ಆ ಹಾಳೆ ಕಳೆದುಹೋಗುವ ಮೊದಲೇ ನಾನು ಅದನ್ನು ಮುದ್ರಿಸಿ ಲೈನ್ ಹುಡುಗರ ಕೈಗೆ ಕೊಟ್ಟೆ. ನಂತರ ಬಂದ ವಾರ್ತಾಪತ್ರದಲ್ಲಿ ಈ ಹಾಳೆಯ ಪ್ರಸ್ತಾಪವಿರಲಿಲ್ಲ. ದಸರಾ ಸ್ನೇಹಕೂಟದ ಚಿತ್ರಗಳಿಗೆ ನಾಲ್ಕು ಪುಟ ಮೀಸಲಾಗಿತ್ತು. ಜುಲೈನ ತೆರಿಗೆ ಮೇಜಿನ ಬಗೆಗೂ ಒಂದು ಸಣ್ಣ ಸುದ್ದಿ ಬಂದದ್ದು ಅದನ್ನು ಉದ್ಘಾಟಿಸಿದವರ ಹೆಸರುಗಳಿಗಾಗಿ.

ಹೀಗೇಕೆ ಎಂದರೆ, ವಾರ್ತಾಪತ್ರದ ಮುದ್ರಣವೆಚ್ಚವನ್ನು ಹೊರುವುದು ಸದಸ್ಯರ ಜಾಹೀರಾತು, ಮತ್ತು ಜಾಹೀರಾತು ಕೊಟ್ಟವರು ತಮ್ಮ ಮುಖವನ್ನು ಒಳಪುಟದಲ್ಲಿ ನಿರೀಕ್ಷಿಸುತ್ತಾರೆ. ರಾಜ್ಯದ ವಾಣಿಜ್ಯ ಸಂಸ್ಥೆಗಳ ಒಕ್ಕೂಟವಾದ ಬೆಂಗಳೂರಿನ ಎಫ್‌ಕೆಸಿಸಿಐ 1916ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಎಂಬ ಹೆಸರಿನಲ್ಲಿ ಹುಟ್ಟಿಕೊಂಡದ್ದನ್ನು ನಮ್ಮ ಸಂಸ್ಥೆಯ ಪ್ರತಿ ಭಾಷಣದಲ್ಲಿಯೂ ನೆನೆಯುತ್ತಾರೆ. ವ್ಯಾಪಾರಿಗಳ ಮಾತನ್ನು ಸರ್ಕಾರಕ್ಕೂ ಸರ್ಕಾರದ ನಿಯಮವನ್ನು ವ್ಯಾಪಾರಿಗಳಿಗೂ ಮುಟ್ಟಿಸುವುದೇ ಇಂತಹ ಸಂಸ್ಥೆಗಳ ಕೆಲಸವಾಗಿರುವಾಗ, ಎರಡನೆಯದನ್ನು ಒಂದು ಹಾಳೆಯಲ್ಲಿ ಮಾಡಿ ತೋರಿಸಿದವರ ಹೆಸರು ವಾರ್ತಾಪತ್ರದಲ್ಲಿ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ.

ಸೇರುವವರಿಗೆ ನನ್ನ ಸಲಹೆ ಇಷ್ಟು. ಆಜೀವ ಸದಸ್ಯತ್ವಕ್ಕೆ ಒಮ್ಮೆಲೇ ಹಣ ಕಟ್ಟಬೇಡಿ; ಮೊದಲು ವಾರ್ಷಿಕ ಚಂದಾ ಕಟ್ಟಿ ನೋಡಿ, ಮತದಾನದ ಹಕ್ಕು ಯಾವ ವರ್ಗದ ಸದಸ್ಯರಿಗಿದೆ ಎಂಬುದನ್ನು ಬೈಲಾದಲ್ಲಿ ಓದಿಕೊಳ್ಳಿ. ರಫ್ತು ಮಾಡುವವರಾದರೆ ಸಂಸ್ಥೆಗೆ ಸರಕಿನ ಮೂಲ ದೃಢೀಕರಣ ಪತ್ರ (ಸರಕು ಯಾವ ದೇಶದ್ದೆಂದು ದೃಢೀಕರಿಸುವ ಪತ್ರ) ಕೊಡುವ ಅಧಿಕಾರವಿದೆಯೇ ಎಂದು ವಿಚಾರಿಸಿ. ಅದಾವುದೂ ಬೇಡದ ಸಣ್ಣ ವ್ಯಾಪಾರಿಗಳು ತೆರಿಗೆ ಮೇಜಿನ ಸಂಜೆಯೊಂದರಲ್ಲಿ ಹೋಗಿ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ಬಂದರೆ ಚಂದಾ ಕಟ್ಟಬೇಕೋ ಬೇಡವೋ ಎಂಬುದು ತಿಳಿಯುತ್ತದೆ. ನಾನು ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ವಾರ್ತಾಪತ್ರದ ಪಾಲು ಅರ್ಧ ಅಂಕ. ಆ ಅರ್ಧವೂ ಕೊನೆಯ ಪುಟದ್ದು.

ಈ ಸಲದ ನವೀಕರಣದ ಅರ್ಜಿಯೊಂದಿಗೆ ಎರಡು ಕೋರಿಕೆಗಳನ್ನು ಬರೆದುಕೊಟ್ಟಿದ್ದೇನೆ. ದಿನಾಂಕಗಳ ಕೋಷ್ಟಕವನ್ನು ವಾರ್ತಾಪತ್ರಕ್ಕೆ ಕಾಯದೆ ತಿಂಗಳ 1ರಂದೇ ಗುಂಪಿಗೆ ಹಾಕಬೇಕು. ಮನವಿ ಸಲ್ಲಿಸಿದ ಚಿತ್ರದ ಕೆಳಗೆ ಮನವಿಯ ಸಾರಾಂಶವನ್ನೂ, ಬಂದ ಉತ್ತರವನ್ನೂ ಅಚ್ಚು ಹಾಕಬೇಕು. ಮೊದಲನೆಯದಕ್ಕೆ ಕಾರ್ಯದರ್ಶಿಗಳು ಅಲ್ಲಿಯೇ ಒಪ್ಪಿಕೊಂಡರು. ಎರಡನೆಯದನ್ನು ಸಂಪಾದಕ ಮಂಡಳಿಯ ಮುಂದೆ ಇಡುವುದಾಗಿ ಹೇಳಿದ್ದಾರೆ.